ಪುಣೆಯಲ್ಲಿ ಮನೆಗೊಂದು ರಿವಾಲ್ವರ್ ತಗೊಳ್ಳೋ ಯೋಚನೆ ಇದ್ದವರು ಓದಿ

ಲೈಸೆನ್ಸ್ ಕೈಗೆ ಬರುವ ಮೊದಲು ಬಂದೂಕಿನ ಅಡ್ವಾನ್ಸ್ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ. ಒಂದು ರೂಪಾಯಿಯನ್ನೂ. ಅಂಗಡಿಯವನು ಕನ್ನಡದವನೇ ಆಗಿರಲಿ, ನಿಮ್ಮ ಊರಿನವನೇ ಆಗಿರಲಿ. ನನ್ನ 45 ಸಾವಿರ ಹೀಗೇ ಹೋಗಿದೆ.

ನಾವಿರುವುದು ಚಿಂಚವಡದ ಆಚೆ, ಒಂದು ರೋ ಹೌಸಿನಲ್ಲಿ. ನಮ್ಮ ಮನೆಯವರಿಗೆ ಚಾಕಣದಲ್ಲಿ ಶಿಫ್ಟ್ ಕೆಲಸ. ನೈಟ್ ಶಿಫ್ಟಿನ ವಾರ ನಾನು, ಅತ್ತೆ ಇಬ್ಬರೇ. ದೀಪಾವಳಿ ಹೊತ್ತಿಗೆ ನಮ್ಮ ಸಾಲಿನ ಎರಡು ಮನೆಗೆ ಕಳ್ಳರು ನುಗ್ಗಿದರು. ಒಂದರಲ್ಲಂತೂ ಜನ ಒಳಗೆ ಮಲಗಿದ್ದಾಗಲೇ! ಒಂದು ರಿವಾಲ್ವರ್ ಇರಲಿ ಅಂತ ನಾನೇ ಹಟ ಹಿಡಿದೆ. "ಮನ್ಯಾಗ ಅಂಥಾದ್ದೆಲ್ಲಾ ಯಾಕವಾ" ಅಂತ ಅತ್ತೆ. ಆ ಜಗಳ ಬೇರೆ, ಬಿಡಿ.

ಪೇಟೆಯ ಒಂದು ಅಂಗಡಿಗೆ ಹೋದೆವು. ನಾವಿಬ್ಬರೂ ಕನ್ನಡದಲ್ಲಿ ಮಾತಾಡುವುದು ಕೇಳಿದ್ದೇ ತಡ, ಕೌಂಟರಿನ ಹುಡುಗ "ಅಕ್ಕಾರ, ಧಾರವಾಡ ಕಡೇದವರೇನ್ರಿ?" ಅಂದ. ಸ್ಟೂಲ್ ಬಂತು, ಚಹಾ ಬಂತು. ಎಲ್ಲಾ ಬಿಡಿಸಿ ಹೇಳಿದ. 9 ಎಂಎಂ ನಮ್ಮಂಥವರಿಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಅಳತೆ). ನಮಗೆ ಸಿಗುವುದು ಬತ್ತೀಸ್ ಬೋರ್, ಅಂದರೆ .32 ರಿವಾಲ್ವರ್, ಕಾನಪುರದ ಸರ್ಕಾರಿ ಕಾರ್ಖಾನೆಯದ್ದು. ಇಲ್ಲಾಂದ್ರೆ 12 ಬೋರಿನ ಡಬಲ್ ಬ್ಯಾರಲ್. ಆದರೆ ಅಷ್ಟು ಉದ್ದದ್ದು ಮನೆಯೊಳಗೆ ತಿರುಗಿಸೋಕೆ ಕಷ್ಟ. ಇದೆಲ್ಲಾ ನಿಜವೇ, ಆಮೇಲೆ ವಿಚಾರಿಸಿದ್ದೇನೆ. ಹತ್ತು ನಿಜ ಹೇಳಿ ಹನ್ನೊಂದನೆಯದಕ್ಕೆ ಟೋಪಿ ಹಾಕುವುದು ಅಂದರೆ ಇದೇ.

"ಕಾನಪುರದಿಂದ ಮಾಲ್ ಬರೂದು ಲೇಟ್ ಆಗ್ತದ ಅಕ್ಕಾರ. ಈಗ ಬುಕ್ ಮಾಡ್ರಿ. ಲೈಸೆನ್ಸ್ ಫೈಲ್ ನಾವ ನೋಡ್ಕೋತೀವಿ. ಅಣ್ಣಾರ ಹೆಸರಲೆ ಹಾಕೂಣು, ಲಗೂನ ಆಗ್ತದ." ಬುಕಿಂಗ್‌ಗೆ 30 ಸಾವಿರ, ಫೈಲಿಗೆ 15 ಸಾವಿರ. ಕೊಟ್ಟೆವು.

ಆಮೇಲೆ ಶುರುವಾಯಿತು. ಯಾವಾಗ ಫೋನ್ ಮಾಡಿದರೂ "ಫೈಲ್ ಸಾಹೇಬ್ರ ಟೇಬಲ್ ಮ್ಯಾಲ ಐತ್ರಿ." ಅರ್ಜಿ ನಂಬರ್ ಕೊಡಪ್ಪಾ ಅಂದರೆ "ಕಳಿಸ್ತೀನ್ರಿ ಅಕ್ಕಾರ." ಕಳಿಸಲೇ ಇಲ್ಲ. ನಾನು ದನಿ ಏರಿಸಿದ ದಿನ ಅಂಗಡಿಗೆ ಕರೆದು ಒಂದು ಪೆಟ್ಟಿಗೆ ತೆಗೆದ. ಕಪ್ಪು ಪಿಸ್ತೂಲು. ಲೋಹದ್ದು, ಭಾರ ಇದೆ, ಮ್ಯಾಗಜೀನ್ ಕೂಡ ಬಿಚ್ಚುತ್ತದೆ. "ಸದ್ಯಕ್ಕ ಇದ ಒಯ್ರಿ. ಲೈಸೆನ್ಸ್ ಬ್ಯಾಡ, ಸರ್ಕಾರನ ಫ್ರೀ ಬಿಟ್ಟೈತಿ. ಮನಿ ಸೇಫ್ಟಿಗೆ ಇಷ್ಟ ಸಾಕು. ಬುಕಿಂಗ್ ರೊಕ್ಕದಾಗ ಅಡ್ಜಸ್ಟ್ ಮಾಡ್ತೀನಿ." ಕೈಯಲ್ಲಿ ಹಿಡಿದಾಗ ನನಗೂ ಧೈರ್ಯ ಬಂದಂತಾಯಿತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಬೆಳಗಾವಿಯಿಂದ ನಮ್ಮ ಭಾವ ಬಂದಿದ್ದರು. ಸೈನ್ಯದಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಜಂಬದಿಂದ ತೋರಿಸಿದೆ. ಅವರು ಹಿಡಿಕೆ ಬಿಚ್ಚಿದರು. ಒಳಗಿಂದ ಬೆರಳುದ್ದದ ಒಂದು ಗ್ಯಾಸ್ ಸಿಲಿಂಡರ್ ಹೊರಗೆ ಬಂತು. ಮಾತಾಡದೆ ಟೆರೇಸಿಗೆ ಹೋದರು, ಒಣಗಲು ಹಾಕಿದ್ದ ಅತ್ತೆಯ ಹಳೇ ಕೌದಿಯನ್ನು ಮಡಚಿಟ್ಟು ಒಂದು ಹೊಡೆದರು. ಗುಂಡು ಕೌದಿಯೊಳಗೇ ಉಳಿಯಿತು. ಗುಂಡಲ್ಲ, ಛರ್ರಾ. ಜಾತ್ರೆಯಲ್ಲಿ ಬಲೂನು ಒಡೆಯುತ್ತಾರಲ್ಲ, ಆ ಥರದ್ದು. "ಇದರಲೆ ಹೊಡದ್ರ ಕಳ್ಳ ಸಾಯೂದಿಲ್ಲವಾ, ಸಿಟ್ಟಿಗೇಳ್ತಾನ" ಅಂದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಎಲ್ಲಿ ಮುಖ ಇಟ್ಟುಕೊಳ್ಳಲಿ?

ಸರ್ಕಾರ ಫ್ರೀ ಬಿಟ್ಟಿದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಇದು ಏರ್ ಗನ್. ನಳಿಗೆ 4.5 ಮಿಲಿಮೀಟರಿನ, ಹೊಡೆತದ ಜೋರು 20 ಜೂಲ್ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಬತ್ತೀಸ್ ಬೋರಿನ ಗುಂಡು 100 ಜೂಲ್ ದಾಟುತ್ತದೆ. ಇದರ ಜೋರು ಕಡಿಮೆ ಅಂತಲೇ ಫ್ರೀ! ನೋಡೋಕೆ ಮಾತ್ರ ಅಸಲಿ ಥರ. ಕೋಯತಾ (ಉದ್ದ ಮಚ್ಚು) ಹಿಡಿದು ಬಂದವನ ಮುಂದೆ ಇದನ್ನು ಚಾಚಿದರೆ ಅವನು ಹೆದರಿ ಓಡಬೇಕು ಅಂತೇನಿಲ್ಲ, ಮೊದಲು ನನ್ನ ಮೇಲೇ ಬೀಸಬಹುದು. ಇದನ್ನು ನಂಬಿಕೊಂಡು ನಾನು ಎಷ್ಟೋ ರಾತ್ರಿ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದೇನೆ.

ವಾಟ್ಸ್ಯಾಪ್‌ನಲ್ಲಿ ಕೇಳಿದೆ. ಅಂಗಡಿ ಹುಡುಗನ ಉತ್ತರ: "ನೀವು ಸೇಫ್ಟಿ ಕೇಳಿದ್ರಿ, ನಾವು ಸೇಫ್ಟಿ ಕೊಟ್ವಿ." ದುಡ್ಡು ವಾಪಸ್ ಕೊಡು ಅಂದೆ. "ಛರ್ರಾ ಹೊಡದೀರಿ, ಸೆಕೆಂಡ್ ಹ್ಯಾಂಡ್ ಆತು." ಮೋಸ ಮಾಡಿದ್ದೀಯಾ ಅಂದಿದ್ದಕ್ಕೆ ಅಕ್ಕಾರ ಹೋಗಿ ಮ್ಯಾಡಮ್ ಬಂತು, ಕನ್ನಡ ಹೋಗಿ ಮರಾಠಿ ಬಂತು. "ಮ್ಯಾಡಮ್, ಆಧಿ ಬಿಲ್ ವಾಚಾ." ಮೊದಲು ಬಿಲ್ ಓದಿ ಅಂತ. ಓದಿದೆ. ಬಿಲ್ಲಿನಲ್ಲಿ "ಸ್ಪೋರ್ಟ್ಸ್ ಐಟಂ, ವಾಪಸ್ ಇಲ್ಲ" ಅಂತ ಇದೆ. ಕೌಂಟರಿನಲ್ಲಿ ಮನಿ ಸೇಫ್ಟಿ, ಬಿಲ್ಲಿನಲ್ಲಿ ಆಟದ ಸಾಮಾನು!

ಇನ್ನು ಫೈಲು. ಕಮಿಷನರ್ ಕಚೇರಿಗೆ ನಾನೇ ಹೋದೆ. ನಮ್ಮ ಮನೆಯವರ ಹೆಸರಿನಲ್ಲಿ ಅರ್ಜಿಯೇ ಇಲ್ಲ. ಅಲ್ಲಿದ್ದ ಹೆಣ್ಣುಮಗಳು ಪಾಪ ಕೂರಿಸಿ ಹೇಳಿದರು. ಅರ್ಜಿ ನಾವೇ ಆನ್‌ಲೈನ್‌ನಲ್ಲಿ ಹಾಕಬೇಕು, ಎ-1 ನಮೂನೆ. ವಯಸ್ಸು 21 ಆಗಿರಬೇಕು. ಡಾಕ್ಟರ್ ಸರ್ಟಿಫಿಕೇಟ್, ಬಂದೂಕು ಬಳಸುವ ತರಬೇತಿಯ ಪತ್ರ, ಠಾಣೆಯ ವಿಚಾರಣೆ ಎಲ್ಲಾ ಇದೆ. ಅಷ್ಟೆಲ್ಲಾ ಆದರೂ ಲೈಸೆನ್ಸ್ ಕೊಡಲೇಬೇಕು ಅಂತಿಲ್ಲ. ಅಂಗಡಿಯವನು ಲೈಸೆನ್ಸ್ ನೋಡದೆ ಬಂದೂಕು ಮಾರುವ ಹಾಗೇ ಇಲ್ಲ. ಹಾಗಾದರೆ ಅವನು ನನ್ನಿಂದ ಏನು ಬುಕ್ ಮಾಡಿಸಿಕೊಂಡ? ಇದನ್ನೇ ಅವನಿಗೆ ಕೇಳಿದೆ. "ಮ್ಯಾಡಮ್, ಇಷ್ಟು ಅರ್ಜೆಂಟ್ ಇದ್ರೆ ಪೇಪರ್ ಇಲ್ಲದ್ದು ನೋಡೋಣ" ಅಂದ. ಅಂದರೆ ಗಾವಠಿ, ಕಳ್ಳತನದಲ್ಲಿ ಮಾಡಿದ ನಾಡ ಪಿಸ್ತೂಲು! ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿ ಆದ ಮೇಲೆ ಕಡಿಮೆ ಅಂದರೂ 2 ವರ್ಷ ಜೈಲು. ಕಳ್ಳ ಹೊರಗೇ ಇರುತ್ತಾನೆ, ನಾನು ಒಳಗೆ. ಆವತ್ತೇ ಅವನ ಫೋನ್ ಎತ್ತುವುದು ನಿಲ್ಲಿಸಿದೆ.

ಇನ್ನೊಂದು ವಿಷಯ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಬಂದೂಕು ಬಳಸಬೇಕು. ಅಣ್ಣಾರ ಹೆಸರಲ್ಲಿ ಮಾಡಿಸಿ ಅಂದನಲ್ಲ, ಅಣ್ಣಾರು ನೈಟ್ ಶಿಫ್ಟಿಗೆ ಹೋದ ಮೇಲೆ ನಾನು ಅದನ್ನು ಮುಟ್ಟುವ ಹಾಗಿಲ್ಲ. ಇದೊಂದು ಮಾತು ಮೊದಲೇ ಹೇಳಬಹುದಿತ್ತು, ಅಲ್ವಾ? ಚುನಾವಣೆ ಬಂದರೆ ಬಂದೂಕು ಠಾಣೆಗೆ ಜಮಾ ಮಾಡಿ ಅಂತ ನೋಟಿಸ್ ಬೇರೆ ಬರಬಹುದು. 2024ರಲ್ಲಿ ಮಹಾರಾಷ್ಟ್ರದಲ್ಲಿ ಲೋಕಸಭೆ, ವಿಧಾನಸಭೆ ಎರಡೂ ನಡೆದವು, ಲೆಕ್ಕ ಹಾಕಿಕೊಳ್ಳಿ. ಅಂಗಡಿಗೆ ಹೋಗುವ ಮೊದಲು ಕಮಿಷನರ್ ಕಚೇರಿಗೆ ಹೋಗಿ. ಅರ್ಜಿ ನಂಬರ್ ನಿಮ್ಮ ಕೈಯಲ್ಲಿರಲಿ. ಬಿಲ್ಲಿನಲ್ಲಿ ಏನು ಬರೆದಿದ್ದಾರೆ ಅಂತ ದುಡ್ಡು ಕೊಡುವ ಮೊದಲೇ ಓದಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಅಂಗಡಿಯ ಮಾಲೀಕರೇ ಮೆಸೇಜ್ ಕಳಿಸಿದ್ದಾರೆ: ಪಿಸ್ತೂಲು ವಾಪಸ್ ತಗೊಳ್ತಾರಂತೆ, ಹಳೇ ಮಾಲಿನ ರೇಟಿಗೆ, 4 ಸಾವಿರಕ್ಕೆ. ಫೈಲಿನ 15 ಸಾವಿರ "ಖರ್ಚಾಗಿದೆ" ಅಂತೆ. ಇಲ್ಲದ ಫೈಲಿಗೆ ಏನು ಖರ್ಚಾಯಿತು ಅಂತ ಕೇಳಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಇಲ್ಲ.