ಧಿಗಿಣ ನುಂಗಿದ ಟಿವಿ ಮತ್ತು ಲ್ಯಾಮಿಂಗ್ಟನ್ ರೋಡಿನ ಕಿರಿದಂಗಡಿ

ನಮ್ಮ ಮಾವನಿಗೆ 78. ಊರು ಕುಂದಾಪುರದ ಹತ್ತಿರ, ಇರೋದು ಮುಂಬೈ ಹತ್ತಿರದ ಡೊಂಬಿವಲಿ ಈಸ್ಟಿನಲ್ಲಿ. ರಾತ್ರಿಯಿಡೀ ಕೂತು ಆಟ ನೋಡೋಕೆ ಮಂಡಿ ಬಿಡೋದಿಲ್ಲ. ಅದಕ್ಕೇ ಭಾನುವಾರ ಊಟವಾದ ಮೇಲೆ ನಾನು ಲ್ಯಾಪ್‌ಟಾಪನ್ನು ಹಾಲಿನ ಟಿವಿಗೆ ಜೋಡಿಸಿ ಯಕ್ಷಗಾನ ಹಾಕಿಕೊಡಬೇಕು. ಊರಲ್ಲಿರುವ ನನ್ನ ತಮ್ಮ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ಕಳಿಸುತ್ತಾನೆ.

4ಕೆ ಟಿವಿ ತಂದ ಮೇಲೆ ತಾಪತ್ರಯ ಶುರುವಾಯಿತು. ಲ್ಯಾಪ್‌ಟಾಪ್ ಪರದೆಯಲ್ಲಿ ಸರಾಗವಾಗಿ ಓಡುವ ವಿಡಿಯೋ ಟಿವಿಗೆ ಎಳೆದ ಕೂಡಲೇ ಮುಗ್ಗರಿಸುತ್ತಿತ್ತು. ವೇಷ ಧಿಗಿಣ ಹಾಕಿದರೆ, ಅಂದರೆ ಗಿರಗಿರನೆ ಸುತ್ತಿ ಜಿಗಿದರೆ, ಒಮ್ಮೆ ಇಲ್ಲಿ ಕಾಣುತ್ತೆ, ಒಮ್ಮೆ ಅಲ್ಲಿ. ನಡುವಿನ ಸುತ್ತೇ ಮಾಯ. “ಎಂತ ಮಾರಾಯ್ತಿ ಇದು, ವೇಷಕ್ಕೆ ಕಾಲು ಉಳುಕಿತಾ?” ಅಂದರು ಮಾವ.

ಮನೆ ಹತ್ತಿರದ ಅಂಗಡಿಯವನು ಕೇಳಿದ ಕೂಡಲೇ “ಕೇಬಲ್ ಹೋಗಿದೆ” ಅಂದ. ಚಿನ್ನದ ಬಣ್ಣದ ತುದಿಯ ಎಚ್‌ಡಿಎಂಐ ಕೇಬಲ್ ಕೊಟ್ಟು 900 ರೂಪಾಯಿ ತಗೊಂಡ. ಸರಿಹೋಗಲಿಲ್ಲ. ಇನ್ನೊಂದು ಕೇಬಲ್, 1,400. ಅದೂ ಅಷ್ಟೇ. ಮೂರನೇ ಸಲ ಹೋದಾಗ ಲ್ಯಾಪ್‌ಟಾಪನ್ನು ತೆರೆದೂ ನೋಡದೆ “ಗ್ರಾಫಿಕ್ಸ್ ವೀಕ್ ಆಗಿದೆ, ಹೊಸದು ತಗೊಳ್ಳಿ” ಅಂದುಬಿಟ್ಟ. ಅಂಗಡಿ ಹೆಸರು ಹೇಳೋದು ಬೇಡ. ಎರಡು ಕೇಬಲೂ ನಮ್ಮ ಕಪಾಟಿನಲ್ಲಿ ಹಾವಿನ ಹಾಗೆ ಸುತ್ತಿಕೊಂಡು ಮಲಗಿವೆ.

ಕೊನೆಗೆ ಆಫೀಸಿನವರ ಮಾತು ಕೇಳಿ ಒಂದು ಶನಿವಾರ ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೊರಟೆ. ದಾದರ್‌ನಲ್ಲಿ ವೆಸ್ಟರ್ನ್ ಲೈನಿಗೆ ಬದಲಾಯಿಸಿ ಗ್ರಾಂಟ್ ರೋಡ್, ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ನಡಿಗೆ. ರಸ್ತೆಯ ಈಗಿನ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಆ ಹೆಸರು ಹೇಳಿ ದಾರಿ ಕೇಳಿದರೆ ಮಾತ್ರ ಎಲ್ಲರೂ ಒಂದು ಗಳಿಗೆ ಯೋಚಿಸುತ್ತಾರೆ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿಗಳಿಗೆ ಬೀಗ.

ನಾನು ಹೋದ ಅಂಗಡಿಗೆ ಬೋರ್ಡೂ ಸರಿಯಾಗಿಲ್ಲ. ಗಿರಾಕಿಗಳು ಇಬ್ಬರು ನಿಂತರೆ ಮೂರನೆಯವರು ಫುಟ್‌ಪಾತಿನಲ್ಲೇ. ನಲವತ್ತು ನಿಮಿಷ ಕಾದೆ, ಕೂರೋಕೆ ಒಂದು ಸ್ಟೂಲೂ ಇಲ್ಲ. ಅಷ್ಟರಲ್ಲಿ ಮಾವನ ಫೋನು, ಊಟಕ್ಕೆ ಬರ್ತೀಯೋ ಇಲ್ವೋ ಅಂತ. ನನ್ನ ಮಾತು ಕಿವಿಗೆ ಬಿದ್ದು ರಿಪೇರಿ ಮಾಡುತ್ತಿದ್ದ ಹುಡುಗ ತಲೆ ಎತ್ತಿದ. “ಕನ್ನಡದಾವ್ರೇನ್ರಿ ಅಕ್ಕಾರ?” ವಿಜಯಪುರದ ಕಡೆಯವನಂತೆ.

ಅವನು ಮೊದಲು ಕೇಳಿದ್ದು ಕೇಬಲ್ ಬಗ್ಗೆ ಅಲ್ಲ. “ಕುಣಿಯೂ ಮುಂದ ಅಷ್ಟ ಹಂಗ ಆಗತೈತೇನ್ರಿ, ಮಾತಾಡೂ ಮುಂದನೂ ಆಗತೈತಿ?”

ನಾನು ಯೋಚನೆ ಮಾಡಿದೆ. ನಿಜ ಹೇಳಬೇಕಂದ್ರೆ ಅರ್ಥ ಹೇಳುವಾಗ, ಅಂದರೆ ವೇಷಗಳು ಮಾತಾಡುವಾಗ, ಏನೂ ತೊಂದರೆ ಇರಲಿಲ್ಲ. ಎರಡು ವೇಷ ನಿಂತುಕೊಂಡು ವಾದ ಮಾಡುವಾಗ ಚಿತ್ರ ಸ್ಪಷ್ಟ. ಕುಣಿತ ಶುರುವಾದರೆ ಮಾತ್ರ ತಡವರಿಕೆ. ಇಷ್ಟು ವಾರ ನೋಡಿದರೂ ಇದು ನನಗೆ ಹೊಳೆದೇ ಇರಲಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿ ಇಲ್ಲ, ಇರೋದು ಯುಎಸ್‌ಬಿ-ಸಿ ಮಾತ್ರ. ಹಾಗಾಗಿ ನಡುವೆ, ಆ ಕಿಂಡಿಗೆ ಎಚ್‌ಡಿಎಂಐ ಜೋಡಿಸಿಕೊಡುವ ಒಂದು ಹಬ್ ಹಾಕುತ್ತೇನೆ. ಅದನ್ನೂ ಕೇಬಲನ್ನೂ ಚೀಲದಲ್ಲಿ ತಂದಿದ್ದೆ. ಹುಡುಗ ಎಲ್ಲ ಜೋಡಿಸಿ ತನ್ನ 4ಕೆ ಮಾನಿಟರಿಗೆ ಕೊಟ್ಟ. ಡಿಸ್‌ಪ್ಲೇ ಸೆಟ್ಟಿಂಗ್ಸ್, ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ, ಅಲ್ಲಿ ಎರಡನೇ ಪರದೆ ಆರಿಸಿದ. ಬೆರಳಿಟ್ಟು ತೋರಿಸಿದ: 3840×2160, 30 ಹರ್ಟ್ಸ್. ಲ್ಯಾಪ್‌ಟಾಪಿನ ಸ್ವಂತ ಪರದೆಗೆ 60.

ಅಂದರೆ ಟಿವಿಗೆ ಸೆಕೆಂಡಿಗೆ 30 ಚಿತ್ರ ಮಾತ್ರ ಹೋಗುತ್ತಿತ್ತು. ತಮ್ಮನ ಕ್ಯಾಮೆರಾ ತೆಗೆಯೋದು ಸೆಕೆಂಡಿಗೆ 50. ಉಳಿದ 20 ದಾರಿಯಲ್ಲೇ ಬಿದ್ದುಹೋಗುತ್ತಿದ್ದವು. ನಿಂತ ವೇಷದಲ್ಲಿ 20 ಚಿತ್ರ ಬಿಟ್ಟುಹೋದರೆ ಯಾರಿಗೆ ಗೊತ್ತಾಗುತ್ತೆ? ಧಿಗಿಣದಲ್ಲಿ ಬಿಟ್ಟರೆ ಸುತ್ತೇ ಹೋಯಿತು.

ತಪ್ಪು ಹಬ್ಬಿನದು. ಅದರೊಳಗಿನ ಎಚ್‌ಡಿಎಂಐ 1.4, ಅಂದರೆ 2009ರ ಮಟ್ಟದ್ದು. 4ಕೆ ಕೊಟ್ಟರೆ ಸೆಕೆಂಡಿಗೆ 30ರ ಮೇಲೆ ಹೋಗೋದಿಲ್ಲ. 4ಕೆಗೆ 60 ಬೇಕಾದರೆ 2013ರಲ್ಲಿ ಬಂದ 2.0 ಬೇಕು. ಮನೆಗೆ ಬಂದು ಹಬ್ಬಿನ ಡಬ್ಬಿ ಹುಡುಕಿದೆ. ಮುಂದೆ ದಪ್ಪಕ್ಷರದಲ್ಲಿ 4ಕೆ, ಹಿಂದೆ ಇರುವೆಯಷ್ಟು ಅಕ್ಷರದಲ್ಲಿ 30 ಹರ್ಟ್ಸ್.

ಹೊಸ ಹಬ್ ತಗೊಳ್ಳಲಾ ಅಂದೆ. ಅವನ ಹಿಂದಿನ ಗೋಡೆ ತುಂಬ ಹಬ್‌ಗಳೇ ನೇತಾಡುತ್ತಿದ್ದವು. “ಸುಮ್ನ ಯಾಕ್ರೀ ರೊಕ್ಕ ಹಾಕತೀರಿ, ನಿಮ್ಮ ವಿಡಿಯೋನ 1080 ಐತಿ” ಅಂದು ರೆಸಲ್ಯೂಷನ್ 1920×1080ಕ್ಕೆ ಇಳಿಸಿದ. ರಿಫ್ರೆಶ್ ರೇಟಿನ ಪಟ್ಟಿಯಲ್ಲಿ 60 ತಾನಾಗೇ ಬಂತು. ನನ್ನ ಪೆನ್‌ಡ್ರೈವಿನ ವಿಡಿಯೋ ಹಾಕಿದ. ಅಭಿಮನ್ಯು ಸುತ್ತಿದ್ದು ಸುತ್ತಿದ್ದೇ! ಪಕ್ಕದಲ್ಲಿ ಮೌಸ್ ಕೊಳ್ಳೋಕೆ ಬಂದವರೂ ಇಣುಕಿ ನೋಡಿದರು.

ಮಗಳ ದೂರನ್ನೂ ಅವನ ಮುಂದಿಟ್ಟೆ. ಅವಳ ರೂಮಿನ ಹಳೇ ಮಾನಿಟರಿಗೆ ಇರೋದು ವಿಜಿಎ ಕಿಂಡಿ, ಅದಕ್ಕೆ ಎಚ್‌ಡಿಎಂಐಯಿಂದ ಒಂದು ಕನ್ವರ್ಟರ್. ನಮ್ಮ ವಿಡಿಯೋ ಅದರಲ್ಲಿ ಬರುತ್ತೆ. ದುಡ್ಡು ಕೊಟ್ಟು ನೋಡುವ ಆ್ಯಪಿನ ಸಿನಿಮಾ ಹಾಕಿದರೆ ಪರದೆ ಕಪ್ಪು, ಸದ್ದು ಮಾತ್ರ. ಅದು ಎಚ್‌ಡಿಸಿಪಿ ಅನ್ನೋ ಕಳ್ಳಪ್ರತಿ ತಡೆಯುವ ಬೀಗದ ಕೆಲಸವಂತೆ. ಎದುರಿನ ಪರದೆ ಬೀಗ ತೆಗೆಯುವ ಗುರುತು ಹೇಳಬೇಕು. ವಿಜಿಎಗೆ ಆ ಭಾಷೆಯೇ ಬರೋದಿಲ್ಲ. “ಇದಕ್ಕ ಮದ್ದಿಲ್ರಿ, ಟಿವಿಯಾಗ ನೋಡ್ರಿ ಅಂತ ಹೇಳ್ರಿ” ಅಂದ. ಮಗಳಿಗೆ ಈ ಉತ್ತರ ಹಿಡಿಸಲಿಲ್ಲ.

ಎಲ್ಲ ಹೊಗಳಿಕೆಯೇ ಅಲ್ಲ. ಬ್ರೌಸರಿನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಕೂಡ ಆಫ್ ಮಾಡಿ ಕಳಿಸಿದ್ದ, ಬೇಕಿರಲಿಲ್ಲ. ಗ್ರಾಫಿಕ್ಸ್ ಚಿಪ್ ಹೊರಬೇಕಾದ ವಿಡಿಯೋ ಬಿಡಿಸುವ ಭಾರವೆಲ್ಲ ಪ್ರೊಸೆಸರಿನ ಮೇಲೆ ಬಿದ್ದು ಲ್ಯಾಪ್‌ಟಾಪ್ ದೋಸೆ ಕಾವಲಿಯಾಯಿತು, ಫ್ಯಾನು ಲೋಕಲ್ ರೈಲಿನ ಹಾಗೆ ಕೂಗಿತು. ನಾನೇ ಮತ್ತೆ ಆನ್ ಮಾಡಿದೆ. ಬಿಲ್ ಕೂಡ ಕೇಳಿದ ಮೇಲೇ ಕೊಟ್ಟಿದ್ದು. ತಗೊಂಡಿದ್ದು 150 ರೂಪಾಯಿ, ನೋಡಿದ ಕೂಲಿ. ಐದಕ್ಕೆ ನಾಲ್ಕು ಕೊಡ್ತೀನಿ. ಸ್ಟೂಲ್ ಹಾಕಿದರೆ ನಾಲ್ಕೂವರೆ. ಹೋಗುವವರು ಲ್ಯಾಪ್‌ಟಾಪ್ ಒಂದನ್ನೇ ಹೊತ್ತುಕೊಂಡು ಹೋಗಬೇಡಿ. ಹಬ್ಬು, ಕೇಬಲ್ಲು, ಕನ್ವರ್ಟರ್ ಎಲ್ಲ ಚೀಲದಲ್ಲಿರಲಿ.

ಮರುದಿನ ಮಾವ ಪೂರ್ತಿ ಪ್ರಸಂಗ ನೋಡಿದರು. ಧಿಗಿಣ ಎಣಿಸಿದರು. ಆಮೇಲೆ ಹೊಸ ದೂರು: “ಚೆಂಡೆ ಮುಂಚೆ ಬತ್ತ್, ಹೆಜ್ಜೆ ಆಮೇಲೆ ಬೀಳತ್ತ್.” ಸದ್ದು ಲ್ಯಾಪ್‌ಟಾಪಿಗೆ ಹಾಕಿದ ಸ್ಪೀಕರಿನಿಂದ ನೇರ ಬರುತ್ತೆ, ಚಿತ್ರವನ್ನು ಮಾತ್ರ ಟಿವಿ ತಿದ್ದಿ ತೀಡಿ ತಡವಾಗಿ ತೋರಿಸುತ್ತೆ. ಹುಡುಗನಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. “ಟಿವಿಯಾಗ ಗೇಮ್ ಮೋಡ್ ಹಾಕ್ರಿ ಅಕ್ಕಾರ” ಅಂದು ಇಟ್ಟುಬಿಟ್ಟ. ಹಾಕಿದೆ. ಮಾವ ಒಂದು ಪದ್ಯ ಪೂರ್ತಿ ತೊಡೆ ತಟ್ಟಿ ತಾಳ ಹಾಕಿ ನೋಡಿ, ಹೂಂ ಅಂದರು.