ಡೀಸೆಲ್ ಪಿಕಪ್‌ಗೆ "ಸ್ಟೇಜ್ 1-2-3 ಪ್ಯಾಕೇಜ್" ಮಾಡಿಸುವವರು ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ

ಅಂಗಡಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ಬೆಂಗಳೂರಿನಲ್ಲಿ ರೀಮ್ಯಾಪ್ (ಪವರ್ ಏರಿಸಲು ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸುವುದು) ಮಾಡುವ ಒಂದು ಜಾಗ, ಅಷ್ಟು ಸಾಕು. ಹೆಸರಿಗಿಂತ ಆ ಅಂಗಡಿಯವನು ಹೇಗೆ ಮಾಡಿದ ಅನ್ನೋದು ಮುಖ್ಯ. ಯಾಕಂದ್ರೆ ಇಂಥವನು ಒಬ್ಬನೇ ಇರುವುದಿಲ್ಲ.

ನನ್ನದು ಇಸುಜು ವಿ-ಕ್ರಾಸ್, ಹಳೆಯ 2.5 ಲೀಟರ್ ಬಿಎಸ್4. ಕಂಪನಿ ಲೆಕ್ಕದಲ್ಲಿ 134 ಬಿಎಚ್‌ಪಿ, 320 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಇಂಜಿನ್ ತಿರುಗಿಸುವ ಬಲ. ತೋಟ ಮೂಡಿಗೆರೆ ಕಡೆ. ಲೋಡು ಹಾಕಿಕೊಂಡು ಚಾರ್ಮಾಡಿ ಹತ್ತುವಾಗ ಸ್ವಲ್ಪ ಜೀವ ಬೇಕು ಅನ್ನಿಸುತ್ತಿತ್ತು. ರೇಸಿಗೆ ಹೋಗುವ ವಯಸ್ಸೂ ನನ್ನದಲ್ಲ. ಒಂದೇ ಸಲ ಎಲ್ಲ ಬೇಡ, ಹಂತ ಹಂತವಾಗಿ ಮಾಡೋಣ ಅಂತ ಕೇಳಿದೆ.

"ಅಣ್ಣಾ, ಕರೆಕ್ಟಾಗಿ ಯೋಚನೆ ಮಾಡಿದೀರಾ" ಅಂದ. ಸ್ಟೇಜ್ 1 ರೀಮ್ಯಾಪ್. ಸ್ಟೇಜ್ 2 ಟರ್ಬೊದಿಂದ ಹೊಗೆ ಹೊರಹಾಕುವ ಡೌನ್‌ಪೈಪ್, ಗಾಳಿ ಎಳೆಯುವ ಇಂಟೇಕ್. ಸ್ಟೇಜ್ 3 ಆ ಗಾಳಿ ತಣ್ಣಗೆ ಮಾಡುವ ದೊಡ್ಡ ಇಂಟರ್‌ಕೂಲರ್, ಕ್ಲಚ್. ಮೂರಕ್ಕೂ ಸೇರಿ ಅಡ್ವಾನ್ಸ್ ಕೊಟ್ಟರೆ ಡಿಸ್ಕೌಂಟ್. 85 ಸಾವಿರ ಕೊಟ್ಟೆ.

ಕ್ಲಚ್ ಕೊನೆಗಾ ಅಂತ ನಾನು ಕೇಳಿದ್ದೆ. ಕೇಳಿದ್ದೆ! ಲೋಡು ಎಳೆಯುವ ಗಾಡಿಗೆ ಟಾರ್ಕ್ ಏರಿಸುವ ಮೊದಲು ಅದನ್ನು ತಡೆಯುವ ಕ್ಲಚ್ ಬೇಕು, ಎಕ್ಸಾಸ್ಟ್ ಬಿಸಿ ತೋರಿಸುವ ಇಜಿಟಿ ಗೇಜ್ ಬೇಕು ಅಂತ ನಮ್ಮೂರ ಮೆಕ್ಯಾನಿಕ್ ಕೂಡ ಹೇಳ್ತಾನೆ. ಇವನು ನಕ್ಕುಬಿಟ್ಟ. "ಅಣ್ಣಾ, ಕಂಪನಿಯ ಸ್ಟಾಕ್ ಕ್ಲಚ್ ಕಣ್ಣು ಮುಚ್ಚಿ ತಡೆಯುತ್ತೆ. ನಾನಿದೀನಲ್ಲ."

ರೀಮ್ಯಾಪ್ ಕೆಲಸ ನಡೆಯಬೇಕಾದ ರೀತಿ ಹೀಗೆ. ಮೊದಲು ಟರ್ಬೊದಿಂದ ಇಂಜಿನ್‌ಗೆ ಗಾಳಿ ಒಯ್ಯುವ ಬೂಸ್ಟ್ ಪೈಪ್ ಎಲ್ಲಾದರೂ ಲೀಕ್ ಇದೆಯಾ, ಇಂಜೆಕ್ಟರ್ ಸರಿ ಇದೆಯಾ ನೋಡಬೇಕು. ಆಮೇಲೆ ಗಾಡಿ ಇದ್ದ ಹಾಗೇ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಒಂದು ರನ್. ಆಮೇಲೆ ಫೈಲ್, ಅಂದ್ರೆ ಹೊಸ ಪ್ರೋಗ್ರಾಂ. ಆಮೇಲೆ ಇನ್ನೊಂದು ರನ್. ನನಗೆ ಸಿಕ್ಕಿದ್ದು ಮುಂದಿನ ರೂಮಿನ ಸೋಫಾ ಮತ್ತು ಟೀ. "ಡೈನೋ ಬೇರೆ ಕಡೆ ಇದೆ ಅಣ್ಣಾ, ಹುಡುಗರು ತಗೊಂಡು ಹೋಗಿದಾರೆ." ಸಂಜೆ ಲ್ಯಾಮಿನೇಟ್ ಮಾಡಿದ ಶೀಟ್ ಕೈಗಿಟ್ಟ. 180 ಬಿಎಚ್‌ಪಿ, 3600 ಆರ್‌ಪಿಎಂನಲ್ಲಿ. ಬಣ್ಣ ಬಣ್ಣದ ಗೆರೆಗಳು. ಮನೆಗೆ ಬಂದು ಎಲ್ಲರಿಗೂ ತೋರಿಸಿದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ.

ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ. ಬೈಕಿನವರು ಬೈದುಕೊಂಡು ಹೋಗುವಷ್ಟು. ಫೋನ್ ಮಾಡಿದರೆ, "ಡೀಸೆಲ್ ಅಂದ್ರೆ ಹೊಗೆ ಬರ್ಬೇಕು ಅಣ್ಣಾ. ಹೊಗೆನೇ ಪವರ್." ಯಾವನಪ್ಪ ಹೇಳಿದ್ದು? ಕಪ್ಪು ಹೊಗೆ ಅಂದ್ರೆ ಇರುವ ಗಾಳಿಗೆ ತಕ್ಕುದಕ್ಕಿಂತ ಡೀಸೆಲ್ ಜಾಸ್ತಿ ಸುರಿದು ಅದು ಪೂರ್ತಿ ಉರಿದಿಲ್ಲ ಅಂತ. ನನ್ನ ದುಡ್ಡೇ ಮಸಿಯಾಗಿ ಹೋಗುತ್ತಿತ್ತು. ಎಮಿಷನ್ ಟೆಸ್ಟ್ ಮಾಡಿಸಲು ಹೋದರೆ ಫೇಲ್.

ಆಮೇಲೆ ಚಾರ್ಮಾಡಿ. ಲೋಡು ಇತ್ತು. ನಾಲ್ಕನೇ ಗೇರಿನಲ್ಲಿ ಒತ್ತಿದೆ, ಆರ್‌ಪಿಎಂ ಮುಳ್ಳು ಸರ್‍ರ್ ಅಂತ ಮೇಲೆ ಹೋಯಿತು, ಸ್ಪೀಡ್ ಮುಳ್ಳು ಇದ್ದಲ್ಲೇ ಇತ್ತು. ಒಳಗೆಲ್ಲ ಸುಟ್ಟ ವಾಸನೆ. ಕ್ಲಚ್ ಸ್ಲಿಪ್. ನಾನು ಕೇಳಿದ್ದ ಅದೇ ಕ್ಲಚ್. ಅವನ ಉತ್ತರ ಕೇಳಿ: "ಸ್ಟೇಜ್ 2 ಮಾಡಿಸಿ ಸರ್, ಸ್ಟೇಜ್ 1 ಪ್ರಾಬ್ಲಂ ಎಲ್ಲ ಸರಿ ಹೋಗುತ್ತೆ." ಅಣ್ಣ ಹೋಗಿ ಸರ್ ಆಗಿದ್ದನ್ನು ಗಮನಿಸಿ. ದುಡ್ಡು ಕೈ ಸೇರಿದ ಮೇಲೆ ಸಂಬಂಧ ಕಳಚಿತು.

ಇಷ್ಟಾದರೂ ಆ ಶೀಟ್ ಮೇಲೆ ನನಗೆ ನಂಬಿಕೆ ಇತ್ತು. ನನ್ನ ಅಣ್ಣನ ಮಗ ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದಾನೆ. ಊಟ ಮಾಡಿ ಕೂತಾಗ ಸುಮ್ನೆ ಎತ್ತಿಕೊಂಡು ನೋಡಿದ. "ಚಿಕ್ಕಪ್ಪ, ಈ ಎರಡು ಗೆರೆ ಒಂದೇ ಗಾಡಿದಾ?" ಅಂದ. ಹೂಂ ಕಣೋ, ಒಂದು ಪವರ್, ಒಂದು ಟಾರ್ಕ್ ಅಂದೆ. ಅವನು ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7120ರಿಂದ ಭಾಗಿಸಿದರೆ ಬಿಎಚ್‌ಪಿ ಬರಬೇಕಂತೆ. ಯಾವ ಇಂಜಿನ್ ಆದರೂ ಅಷ್ಟೇ. ಶೀಟ್‌ನಲ್ಲಿ 3600ರ ಹತ್ತಿರ ಟಾರ್ಕ್ ಗೆರೆ 290ರಲ್ಲಿತ್ತು. ಲೆಕ್ಕ ಹಾಕಿದರೆ 146 ಚಿಲ್ಲರೆ. ಮೇಲೆ ದಪ್ಪ ಅಕ್ಷರದಲ್ಲಿ 180. ನಿಜವಾಗಿ 180 ಬರಬೇಕಿದ್ದರೆ ಅಲ್ಲಿ ಟಾರ್ಕ್ 356 ಇರಬೇಕಿತ್ತು. ಅಂದ್ರೆ ಆ ಕಾಗದ ಯಾವ ಡೈನೋದಿಂದಲೂ ಬಂದಿದ್ದಲ್ಲ. ಕಂಪ್ಯೂಟರ್‌ನಲ್ಲಿ ಕೂತು ಗೆರೆ ಎಳೆದು ನಂಬರ್ ಬರೆದಿದ್ದು. ಗಾಡಿ ನಂಬರ್ ಹಾಕುವ ಜಾಗ ಖಾಲಿ ಇತ್ತು, ಅದನ್ನೂ ಅವನೇ ತೋರಿಸಿದ. ಪಾಪ, ಅವನು ನಗಲಿಲ್ಲ. ಅವರಮ್ಮ ನಕ್ಕರು.

ಫೋಟೋ ತೆಗೆದು ಲೆಕ್ಕದ ಸಮೇತ ಅಂಗಡಿಯವನಿಗೆ ಕಳಿಸಿದೆ. ನೀಲಿ ಟಿಕ್ ಬಂತು. ಮರುದಿನ ಉತ್ತರ: "ಡೈನೋದಲ್ಲಿ ಕರೆಕ್ಷನ್ ಫ್ಯಾಕ್ಟರ್ ಇರುತ್ತೆ ಸರ್, ನಿಮಗೆ ಅರ್ಥ ಆಗಲ್ಲ." ಹವೆಗೆ ತಕ್ಕಂತೆ ಅಳತೆ ತಿದ್ದುವ ಆ ಕರೆಕ್ಷನ್ ಹಾಕಿದರೆ ಎರಡೂ ಗೆರೆಗೆ ಹಾಕಬೇಕಲ್ಲಪ್ಪ, ಒಂದಕ್ಕೆ ಮಾತ್ರ ಹಾಕ್ತಾರಾ? ಅದಕ್ಕೆ ಉತ್ತರ ಇಲ್ಲ. ಹೋಗಲಿ, ನನ್ನ ಒರಿಜಿನಲ್ ಫೈಲ್ ವಾಪಸ್ ಹಾಕು ಅಂದೆ. "ಸರ್ವರ್‌ನಲ್ಲಿದೆ ಸರ್, ನಾಳೆ." ಆ ನಾಳೆ ಬರಲೇ ಇಲ್ಲ. ಬ್ಯಾಕಪ್ಪೇ ಇಟ್ಟಿರಲಿಲ್ಲ ಅನ್ನೋದು ನನ್ನ ಅನುಮಾನ. ಗ್ರಾಹಕರ ಕೋರ್ಟಿಗೆ ಹೋಗ್ತೀನಿ ಅಂದಾಗ ಬಂದ ಮೆಸೇಜ್ ಹಾಗೇ ಹಾಕುತ್ತೇನೆ: "ಹೋಗಿ ಸರ್. ಗಾಡಿ ಮಾಡಿಫೈ ಮಾಡಿಸಿದ್ದು ನೀವು. ಸೆಕ್ಷನ್ 52 ಓನರ್ ಮೇಲೆ ಬರುತ್ತೆ, ನನ್ನ ಮೇಲಲ್ಲ."

ನೋಡಿದಿರಾ? ಮೋಟಾರು ವಾಹನ ಕಾಯ್ದೆಯ 52 ಅಂದ್ರೆ ಮಾಲೀಕ ಗಾಡಿಯನ್ನು ಕಂಪನಿ ಸ್ಪೆಸಿಫಿಕೇಶನ್ ಮೀರಿ ಬದಲಾಯಿಸಬಾರದು ಅನ್ನೋ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅಡ್ವಾನ್ಸ್ ತಗೊಳ್ಳುವಾಗ ಇದರ ಬಗ್ಗೆ ಚಕಾರ ಇಲ್ಲ. ದುಡ್ಡು ವಾಪಸ್ ಕೇಳಿದಾಗ ಕಾನೂನು ಪಾಠ. ಇದೇ ಅವನ ಧೈರ್ಯ. ಗಿರಾಕಿ ಬಾಯಿ ಬಿಡಲ್ಲ ಅನ್ನೋದೇ ಇವರ ಬಂಡವಾಳ.

ಕೊನೆಗೆ ಹಾಸನದಲ್ಲಿ ಗೊತ್ತಿದ್ದವರ ಕಡೆಯಿಂದ ಸ್ಟಾಕ್ ಫೈಲ್ ಹಾಕಿಸಿದೆ, ಕ್ಲಚ್ ಹೊಸದು ಹಾಕಿಸಿದೆ. ಹೊಗೆ ನಿಂತಿದೆ. 85 ಸಾವಿರದಲ್ಲಿ ಒಂದು ರೂಪಾಯಿ ವಾಪಸ್ ಬಂದಿಲ್ಲ.

ಪ್ಯಾಕೇಜ್ ಅಡ್ವಾನ್ಸ್ ಕೊಡಬೇಡಿ. ಗಾಡಿ ಜೊತೆ ಡೈನೋ ತನಕ ನೀವೇ ಹೋಗಿ, ಬೇಡ ಅಂದರೆ ಬೀಗದ ಕೈ ಕಿತ್ತುಕೊಂಡು ಬನ್ನಿ. ಫೈಲ್ ಮುಟ್ಟುವ ಮೊದಲೇ ಒರಿಜಿನಲ್ ನಿಮ್ಮ ಪೆನ್‌ಡ್ರೈವ್‌ಗೆ ಬರಬೇಕು. ಟೀ ಕುಡಿಸಿದರೆ ಕುಡಿಯಬೇಡಿ, ಅದೂ ಬಿಲ್ಲಿನಲ್ಲಿರುತ್ತೆ.

ಬೆಂಗಳೂರಿನಲ್ಲಿ ವಿ-ಕ್ರಾಸ್‌ಗೆ ರೀಮ್ಯಾಪ್ ಮಾಡಿಸಿ ಲ್ಯಾಮಿನೇಟ್ ಶೀಟ್ ತಂದವರು ಯಾರಾದರೂ ಇದ್ದರೆ ಅದನ್ನು ತೆಗೆದು ನೋಡಿ. 3600ರಲ್ಲಿ ಟಾರ್ಕ್ 290, ಪವರ್ 180 ಅಂತ ಇದ್ದರೆ ನನಗೊಂದು ಮೆಸೇಜ್ ಹಾಕಿ. ನಾಲ್ಕು ಜನ ಸೇರಿದರೆ ಒಟ್ಟಿಗೇ ಹೋಗಿ ಕೇಳೋಣ.