ಕರಾವಳಿಯ ಬೋರ್ ನೀರು: ಗೀಸರ್, ವಾಷಿಂಗ್ ಮಷಿನ್‌ಗೆ ಯಾವ ಉಪಾಯ ನಡೆಯುತ್ತದೆ?

ಬಯಲುಸೀಮೆಯ ಬೋರ್‌ಗೆಂದು ಮಾರುವ, ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರನ್ನು ಕಾರವಾರದಲ್ಲಿ ಕಣ್ಣುಮುಚ್ಚಿ ಕೂರಿಸುವ ಹಾಗಿಲ್ಲ. ನಮ್ಮ ಚಿರೇಕಲ್ಲು ನೆಲದ ತೆರೆದ ಬಾವಿ ತುಂಬುವುದು ಮಳೆನೀರಿನಿಂದ, ಆ ನೀರು ಸಾಮಾನ್ಯವಾಗಿ ಮೆದುವೇ. ತಕರಾರು ಬೋರ್‌ನದು, ಅದೂ ಮೂರು ಬಗೆ. ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿದರೆ ಗಡಸು, ಅಂದರೆ ನೀರಿನಲ್ಲಿ ಸುಣ್ಣ ಹೆಚ್ಚು. ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟ ತಿಳಿನೀರು ಬೆಳಗಾಗುವುದರೊಳಗೆ ಕೆಂಪಾಗಿದ್ದರೆ ಕಬ್ಬಿಣ. ಶಿರಸಿ ಕಡೆಯ ಬೋರ್‌ಗಳಲ್ಲೂ ಇದು ಕಾಣುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ ಅಳಿವೆಗಳ ಆಸುಪಾಸಿನಲ್ಲಿ ಏಪ್ರಿಲ್-ಮೇ ಹೊತ್ತಿಗೆ ನಾಲಿಗೆಗೆ ಉಪ್ಪು ಹತ್ತಿದರೆ ಸವಳು. ಒಂದಕ್ಕೆ ಮಾಡಿದ ಖರ್ಚು ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಅಂಗಡಿಯವರು ತೋರಿಸುವ ಟಿಡಿಎಸ್ ಮೀಟರ್ ನಂಬಿ ಏನನ್ನೂ ಕೊಳ್ಳಬೇಡಿ. ಅದು ಕರಗಿದ ಲವಣವನ್ನೆಲ್ಲ ಒಟ್ಟಿಗೆ ಅಳೆಯುತ್ತದೆ. 900 ತೋರಿಸಿದ ಸವಳು ನೀರಿನಲ್ಲಿ ಸುಣ್ಣ ಕಡಿಮೆಯೇ ಇರಬಹುದು. ಹನಿ ಹಾಕಿ ನೋಡುವ ಹಾರ್ಡ್‌ನೆಸ್ ಕಿಟ್ ಬೇಕು. ಸೂಚಕ ಬಿದ್ದೊಡನೆ ಗಡಸು ನೀರು ಕೆಂಪು ದ್ರಾಕ್ಷಿಯ ಬಣ್ಣಕ್ಕೆ ತಿರುಗುತ್ತದೆ. ಕಿಟ್‌ನಲ್ಲಿರುವ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಕುಲುಕುತ್ತ ಹೋದರೆ ನೇರಳೆಯಾಗಿ, ಕೊನೆಗೆ ಒಂದೇ ಹನಿಗೆ ಅಚ್ಚ ನೀಲಿ. ಹನಿಗಳ ಲೆಕ್ಕವೇ ಗಡಸಿನ ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500, ಲೀಟರಿಗೆ 200 ಮಿ.ಗ್ರಾಂ ಗಡಸನ್ನು ಒಪ್ಪುತ್ತದೆ, ಬೇರೆ ನೀರೇ ಇಲ್ಲದಲ್ಲಿ 600ರ ತನಕ. ನಮ್ಮ ಲೆಕ್ಕದಲ್ಲಿ 200ರ ಒಳಗಿದ್ದರೆ ಯಂತ್ರಗಳಿಗೆ ಏನನ್ನೂ ಕೂರಿಸುವುದು ಬೇಡ, ಆಗಾಗ ಪೊರೆ ಬಿಡಿಸಿದರೆ ಸಾಕು.

ಪೊರೆ ಬಿಡಿಸಲು

ಇಲ್ಲಿ ಸಿಟ್ರಿಕ್ ಆಸಿಡ್‌ಗೇ ನಮ್ಮ ಮತ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಸಿಗುತ್ತದೆ. ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ. ಗೀಸರ್‌ನ ಎಂಸಿಬಿ ಇಳಿಸಿ, ತಣ್ಣೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಆರಿದ ಮೇಲೆ ಖಾಲಿ ಮಾಡಿ, ಬೋಲ್ಟ್ ಬಿಚ್ಚಿ ಕಾಯಿಲ್ ಹೊರತೆಗೆಯಿರಿ. ವೈರ್ ಕೂಡುವ ತುದಿಗೆ ನೀರು ಸೋಕದ ಹಾಗೆ ದ್ರಾವಣದಲ್ಲಿ ಇಳಿಬಿಟ್ಟರೆ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೂ ಪೊರೆ ಉಳಿದಿದ್ದರೆ ದ್ರಾವಣದ ಕಸುವು ತೀರಿತು, ಹೊಸದು ಕಲಸಿ. ಬೇಗ ಆಗಲಿ ಎಂದು ಕುದಿಸಬೇಡಿ: ಕುದಿದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಹುಡಿ ಕೂರುತ್ತದೆ, ಅದು ಸುಲಭಕ್ಕೆ ಕರಗದು. ತಿರುಗಿ ಜೋಡಿಸುವಾಗ ರಬ್ಬರ್ ಗ್ಯಾಸ್ಕೆಟ್ ಹೊಸದೇ ಇರಲಿ. ಹಳೆಯದು ಚಪ್ಪಟೆಯಾಗಿರುತ್ತದೆ, ಜಿನುಗುತ್ತದೆ. ಟ್ಯಾಂಕ್ ತುಂಬಿ ಬಿಸಿನೀರಿನ ನಳದಲ್ಲಿ ನೀರು ಬಂದಮೇಲೆಯೇ ಸ್ವಿಚ್ ಹಾಕಿ, ಇಲ್ಲದಿದ್ದರೆ ಕಾಯಿಲ್ ಸುಟ್ಟಿತೆಂದೇ ತಿಳಿಯಿರಿ. ವಾಷಿಂಗ್ ಮಷಿನ್‌ಗಾದರೆ 100 ಗ್ರಾಂ ಡ್ರಮ್‌ನೊಳಗೆ ಸುರಿದು, ಬಟ್ಟೆಯಿಲ್ಲದೆ, ಸೋಪಿಲ್ಲದೆ 40 ಡಿಗ್ರಿಯಲ್ಲಿ ಒಂದು ಸುತ್ತು.

ವಿನೆಗರ್ ಕೆಲಸ ಮಾಡುವುದಿಲ್ಲವೆಂದಲ್ಲ. ಆದರೆ 5 ಶೇಕಡಾದ ಒಂದು ಲೀಟರ್ ಬಾಟಲಿ, ಲೆಕ್ಕದ ಪ್ರಕಾರವೇ, ಕರಗಿಸುವುದು 40 ಗ್ರಾಂನಷ್ಟು ಸುಣ್ಣ. ಮನೆಯೆಲ್ಲ ವಾಸನೆ, ಪದೇ ಪದೇ ಹಾಕಿದರೆ ಮಷಿನ್‌ನ ರಬ್ಬರಿಗೂ ಒಳ್ಳೆಯದಲ್ಲ. ಚಹಾದ ಕೆಟಲ್‌ಗೆ ಸಾಕು.

ಹಿತ್ತಲಿನ ಬಿಂಬುಳಿಯದು ಬೇರೆ ಕತೆ. ಅದರಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಬಚ್ಚಲ ಟೈಲ್ಸ್ ಮೇಲಿನ ಕಬ್ಬಿಣದ ಕೆಂಪು ಕರೆಗೆ ಜಜ್ಜಿ ತಿಕ್ಕಿದರೆ ಸಿಟ್ರಿಕ್‌ಗಿಂತ ಚುರುಕು. ಬಿಳಿ ಸುಣ್ಣಕ್ಕೆ ಮಾತ್ರ ಬೇಡ: ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಆಕ್ಸಲೇಟ್ ಆಗುತ್ತದೆ, ಪೊರೆ ಇದ್ದಲ್ಲೇ ಉಳಿಯುತ್ತದೆ. ಕೆಂಪು ಕರೆ ಹತ್ತಿದ ಬಟ್ಟೆಗೆ ಬ್ಲೀಚ್ ಹಾಕುವುದು ಇನ್ನೂ ದಡ್ಡತನ, ಕರೆ ಗಟ್ಟಿಯಾಗಿ ಕೂರುತ್ತದೆ.

ಪಾಯಿಖಾನೆ ತೊಳೆಯುವ ಆಸಿಡ್ ಎಲ್ಲಕ್ಕಿಂತ ವೇಗ ನಿಜ. ಅದು ಪೊರೆಯ ಜೊತೆ ಕಾಯಿಲ್‌ನ ಲೋಹವನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗೀಸರ್ ಹತ್ತಿರ ತರಲೇಬೇಡಿ.

ಪೊರೆ ಕಟ್ಟದಂತೆ ತಡೆಯಲು

ಇಲ್ಲಿ ಹೇಳುವ ಉಪಾಯಗಳಲ್ಲಿ ನಿಜವಾಗಿ ಸುಣ್ಣ ತೆಗೆಯುವುದು ರೆಸಿನ್ (ಸಣ್ಣ ಪ್ಲಾಸ್ಟಿಕ್ ಮಣಿಗಳ) ಸಾಫ್ಟ್‌ನರ್ ಒಂದೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 25 ಲೀಟರ್ ರೆಸಿನ್, ನೀರಿನ ಗಡಸು 400 ಆದರೆ 3,000 ಲೀಟರ್‌ನ ಆಸುಪಾಸಿಗೆ ಮುಗಿಯಿತು; ದಿನಕ್ಕೆ 500 ಲೀಟರ್ ಬಳಸುವ ಮನೆಗೆ ಆರು ದಿನ. ಪ್ರತಿ ಸಲ 3ರಿಂದ 4 ಕಿಲೋ ಉಪ್ಪಿನ ನೀರಿನಲ್ಲಿ ತೊಳೆಯಬೇಕು. ಸಾಣಿಕಟ್ಟೆಯ ಹರಳುಪ್ಪು ಹತ್ತಿರದಲ್ಲೇ ಸಿಗುತ್ತದೆ, ಆದರೆ ಮಣ್ಣಿರುವ ಉಪ್ಪನ್ನು ನೇರ ಸುರಿದರೆ ರೆಸಿನ್ ಕಟ್ಟಿಕೊಳ್ಳುತ್ತದೆ. ಕರಗಿಸಿ, ರಾತ್ರಿಯಿಡೀ ತಿಳಿಯಲು ಬಿಟ್ಟು, ಮೇಲಿನದನ್ನು ಬಟ್ಟೆಯಲ್ಲಿ ಸೋಸಿ. ಕೆಂಪು ನೀರಾದರೆ ಮೊದಲು ಕಬ್ಬಿಣದ ಫಿಲ್ಟರ್, ಆಮೇಲೆ ಸಾಫ್ಟ್‌ನರ್. ಇಲ್ಲದಿದ್ದರೆ ರೆಸಿನ್ ಕಂದುಗಟ್ಟಿ ಕೆಡುತ್ತದೆ. ಉಪ್ಪು ತೀರಿಸುತ್ತದೆಂದು ಸವಳು ಬೋರ್‌ಗೆ ಇದನ್ನು ಹಾಕಿಸಿದರೆ ದುಡ್ಡು ನೀರಿಗೆ ಬಿತ್ತು.

ಪಾಲಿಫಾಸ್ಫೇಟ್ ಹರಳಿನ ಸಣ್ಣ ಫಿಲ್ಟರ್ ಸುಣ್ಣ ತೆಗೆಯುವುದಿಲ್ಲ, ಅಂಟದಂತೆ ಮಾಡುತ್ತದೆ. ಹನಿ ಪರೀಕ್ಷೆಯಲ್ಲಿ ಗಡಸು ಮೊದಲಿನಷ್ಟೇ ಬರುತ್ತದೆ, ಸೋಪು ನೊರೆಯುವುದೂ ಅಷ್ಟಕ್ಕಷ್ಟೆ. ವಾಷಿಂಗ್ ಮಷಿನ್‌ನ ನಳಕ್ಕೆ ಇದು ಸಾಕು. ನೀರು ಬಹಳ ಬಿಸಿಯಾಗಿ ನಿಲ್ಲುವ ಗೀಸರ್‌ನಲ್ಲಿ ಫಾಸ್ಫೇಟ್ ಒಡೆದು ಬಲ ಕಳೆದುಕೊಳ್ಳುತ್ತದೆ, ಥರ್ಮೋಸ್ಟಾಟ್ 55ಕ್ಕೆ ಇಳಿಸಿದರೆ ಸ್ವಲ್ಪ ಮೇಲು. ಹರಳು ಸವೆದು ಅರ್ಧವಾದಾಗ ತುಂಬಿ.

ಪೈಪಿಗೆ ಸುತ್ತುವ ಮ್ಯಾಗ್ನೆಟ್‌ನಿಂದ ಕಾಯಿಲ್ ಮೇಲಿನ ಪೊರೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ.

ಸವಳು ನೀರಿನ ಮನೆಯವರು ಗಮನ ಕೊಡಬೇಕಾದದ್ದು ಗೀಸರ್ ಟ್ಯಾಂಕ್‌ನೊಳಗಿನ ಮೆಗ್ನೀಸಿಯಂ ಆನೋಡ್ ಕಡ್ಡಿಗೆ. ಟ್ಯಾಂಕ್ ಬದಲು ತಾನು ಸವೆಯುವುದೇ ಅದರ ಕೆಲಸ, ಉಪ್ಪು ನೀರಿನಲ್ಲಿ ಬೇಗ ಸವೆಯುತ್ತದೆ. ಕಾಯಿಲ್ ಬಿಚ್ಚಿದಾಗಲೆಲ್ಲ ನೋಡಿ, ಮೂರನೇ ಒಂದು ಪಾಲಷ್ಟೇ ಉಳಿದಿದ್ದರೆ ಬದಲಿಸಿ. ಬಾವಿ, ಬೋರ್ ಎರಡೂ ಇರುವ ಮನೆಯಲ್ಲಿ ಎರಡನ್ನೂ ಒಂದೇ ಟ್ಯಾಂಕಿಗೆ ಹತ್ತಿಸುವುದು ರೂಢಿ. ಬಚ್ಚಲಿಗೂ ಮಷಿನ್‌ಗೂ ಬಾವಿಯದೊಂದು ಪ್ರತ್ಯೇಕ ಟ್ಯಾಂಕ್ ಇಟ್ಟು ಬೋರನ್ನು ತೋಟಕ್ಕೆ ಬಿಟ್ಟರೆ ಮೇಲಿನ ಯಾವುದನ್ನೂ ಕೊಳ್ಳಬೇಕಿಲ್ಲ. ಹಬೆ ಇಸ್ತ್ರಿಪೆಟ್ಟಿಗೆಗೆ ಸೋಸಿದ ಮಳೆನೀರು ನಡೆಯುತ್ತದೆ, ಇನ್ವರ್ಟರ್ ಬ್ಯಾಟರಿಗೆ ಮಾತ್ರ ಡಿಸ್ಟಿಲ್ಡ್ ವಾಟರೇ ಆಗಬೇಕು.